ದಬ್ಬೇಘಟ್ಟದ ಚೀಸ್ ಮ್ಯಾಕರೋನಿ

ದಬ್ಬೇಘಟ್ಟದ ನಮ್ಮ ದೊಡ್ಡಮ್ಮ ಗಿರಿಜಾಂಬಿಕಾ ತೆಂಗಿನಕಾಯಿ ಹಾಕದೆ ಮಾಡುವುದು ಒಂದು ಕಾಫಿ ಮಾತ್ರ. ಅದನ್ನೇಕೆ ಬಿಟ್ಟಿದ್ದಾಳೋ, ನನಗಂತೂ ಆಶ್ಚರ್ಯ. ಯಾರ ಮನೆಯ ಊಟಕ್ಕೆ ಹೋಗಿ ಬಂದರೂ ಅವಳದು ಒಂದೇ ತಕರಾರು: ಕಾಯಿ ಸಾಲದು.

ಅಂಥ ಗಟ್ಟಿಗಿತ್ತಿ ಹೋದ ತಿಂಗಳು ಕಂಗೆಟ್ಟಳು. ಸೊಸೆ ಜೀವಿತಾಗೆ ಮೂರು ತಿಂಗಳು. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲದೆ ಹುಡುಗಿ ಕಡ್ಡಿಯಾಗಿದ್ದಳು. ಹೀಗೇ ಆದರೆ ಅಡ್ಮಿಟ್ ಮಾಡಬೇಕು ಎಂದಿದ್ದರು ಡಾಕ್ಟರು. ಏನು ಬಯಕೆ ಎಂದು ಕೇಳಿದರೆ ಅವಳು ಕೇಳಿದ್ದು ಚೀಸ್ ಮ್ಯಾಕರೋನಿ, ಅದೂ ಚಿಕ್ಕನಾಯಕನಹಳ್ಳಿಯಲ್ಲಿ ಅವಳಮ್ಮ ಪುಷ್ಪಲತಾ ಮಾಡುವಂಥದ್ದು. ದೊಡ್ಡಮ್ಮ ಕೂಡಲೇ ಬೀಗಿತ್ತಿಗೆ ಫೋನ್ ಮಾಡಿದಳು.

“ಈರುಳ್ಳಿ, ಹಸಿಮೆಣಸಿನಕಾಯಿ, ಮೇಲೆ ಚೀಸ್ ತುರಿ, ಅಷ್ಟೇ ಕಣ್ರೀ. ತಿಪಟೂರು ಬೇಕರಿಯೋರ ಥರ ಜೋಳ ಗೀಳ ಹಾಕ್ಬೇಡಿ. ಕಾಯಂತೂ ಬ್ಯಾಡ್ವೇ ಬ್ಯಾಡ ಬೀಗ್ರೇ!”

ಕಾಯಿ ಬೇಡವಂತೆ! ದೊಡ್ಡಮ್ಮ ಮುಖ ಗಂಟಿಕ್ಕಿದಳು. ಆದರೂ ಮಗ ಬಸವಕುಮಾರನನ್ನು ತುರುವೇಕೆರೆಗೆ ಅಟ್ಟಿ ಎಲ್ಲ ತರಿಸಿದಳು. ಬಟ್ಟಲ ತುಂಬ ಚೀಸ್ ತುರಿದಿಟ್ಟು, ಈರುಳ್ಳಿ ಬಾಡಿಸಿ ತಿರುಗಿದರೆ ಎದುರಿಗೆ ಬೆಳ್ಳನೆಯ ತುರಿ. ನಲವತ್ತು ವರ್ಷ ಕಾಯಿ ತುರಿಯಲ್ಲೇ ಪಳಗಿದ ಕೈ ಸುಮ್ಮನಿದ್ದೀತೆ? ತುರಿಯನ್ನು ಮಿಕ್ಸಿಗೆ ಹಾಕಿ, ಬಿಸಿನೀರು ಹೊಯ್ದು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಮುದ್ದೆಯನ್ನು ಎಮ್ಮೆಯ ಕಲಗಚ್ಚಿಗೆ ಎಸೆದೇಬಿಟ್ಟಳು. ಪಾತ್ರೆಯಲ್ಲಿದ್ದ ತೆಳ್ಳನೆಯ ‘ಹಾಲ’ನ್ನು ನೆಕ್ಕಿದಾಗಲೇ ಅವಳಿಗೆ ಎಚ್ಚರವಾದದ್ದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನು ನಕ್ಕೆ. ಅವಳು ಲಟ್ಟಣಿಗೆ ಎತ್ತಿಕೊಂಡಳು. ನಗು ನಿಲ್ಲಿಸಿದೆ.

ಒಳಗಿನಿಂದ ಜೀವಿತಾ ಕೂಗಿದಳು. “ಅತ್ತೇ, ಆಯ್ತಾ?”

ತುರುವೇಕೆರೆಯಿಂದ ಇನ್ನೊಂದು ಡಬ್ಬಿ ಚೀಸ್ ತರಿಸುವಷ್ಟು ಹೊತ್ತಿಲ್ಲ. ದೊಡ್ಡಮ್ಮ ಕಾಯಿ ಒಡೆದು ಹಾಲು ತೆಗೆದು, ಮ್ಯಾಕರೋನಿಗೆ ಹೊಯ್ದು ಕುದಿಸಿ ತಟ್ಟೆಗೆ ಹಾಕಿಕೊಟ್ಟಳು. ಜೀವಿತಾ ತಿಂದಳು. ನಾವು ಗಡಿಯಾರ ನೋಡುತ್ತ ಕೂತೆವು. ಅರ್ಧ ಗಂಟೆಯಾದರೂ ವಾಂತಿಯಿಲ್ಲ.

ಅಷ್ಟರಲ್ಲಿ ಪುಷ್ಪಲತಾ ಫೋನ್ ಬಂತು. “ನಮ್ ಥರಾನೇ ಮಾಡಿದ್ರಾ? ಚೀಸ್ ಸಾಕಾಯ್ತಾ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ದೊಡ್ಡಮ್ಮ ಸೊಸೆಯ ಮುಖ ನೋಡಿದಳು. ಸುಳ್ಳು ಬಾಯಿಗೆ ಬರಲಿಲ್ಲ.

“ತಪ್ಪಾಯ್ತು ಬೀಗ್ರೇ. ಚೀಸೆಲ್ಲ ಎಮ್ಮೆ ಪಾಲಾಯ್ತು. ನಿಮ್ಮ ಮಗಳು ತಿಂದಿದ್ದು ಕಾಯಾಲು.”

ಅಡುಗೆಯ ವಿಷಯದಲ್ಲಿ ದೊಡ್ಡಮ್ಮ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅಂದೇ. ಇದನ್ನು ಕೇಳಿ ಹುಡುಗಿ ಎಲ್ಲಿ ಬಚ್ಚಲಿಗೆ ಓಡುತ್ತಾಳೋ ಎಂದು ನಾನು ದಾರಿ ಬಿಟ್ಟು ಸರಿದೆ. ಜೀವಿತಾ ಎದ್ದಳು. ಖಾಲಿ ತಟ್ಟೆ ಹಿಡಿದು ಅತ್ತೆಯ ಮುಂದೆ ನಿಂತಳು.

“ಫೋನ್ ಆಮೇಲ್ ಮಾತಾಡಿ ಅತ್ತೆ. ಇನ್ನೊಂದು ಸೌಟು ಹಾಕಿ, ಹಸಿವಾಗ್ತಿದೆ.”