ನೀಲಾ ಕಾರು ಕದ್ದಿರಲಿಲ್ಲ

ಟಿಕೋಟಾದ ನೀಲಾ ವಿಜಯಪುರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಗಾಂಧಿ ಚೌಕದ ಗದ್ದಲದಲ್ಲಿ ಆಟೋ ಅಡ್ಡ ಬಂದು ಕಲಿಯುವವರು ಗಾಬರಿಯಾದರೆ, "ಅಂಜಬ್ಯಾಡ್ರಿ ಅಕ್ಕಾರ, ಇನ್ನೊಂದು ಬ್ರೇಕ್ ನನ್ನ ಕಾಲಾಗ ಐತಿ" ಎನ್ನುತ್ತಿದ್ದಳು.

ಅವ್ವ ಪರಸವ್ವನ ಕಣ್ಣಿನ ಆಪರೇಷನ್ನಿಗೆ ಮಿರಜಕ್ಕೆ ಹೋಗಬೇಕಾದಾಗ ನೀಲಾ ಕಾರೊಂದನ್ನು ಬಾಡಿಗೆಗೆ ತಂದಳು. ಕೊಟ್ಟದ್ದು ಊರೂರಿಗೆ ಶಾಖೆಗಳಿರುವ ದೊಡ್ಡ ಕಂಪನಿ. ಸ್ಟೇಷನ್ ರಸ್ತೆಯಲ್ಲೂ ಅದರ ಆಫೀಸಿತ್ತು. ತಿರುಗಿ ಬಂದ ದಿನವೇ ಕಾರು ತಂದು ನಿಲ್ಲಿಸಿ, ಅಲ್ಲಿದ್ದ ನೌಕರ ಸತೀಶಕುಮಾರನ ಕೈಗೆ ಕೀಲಿ ಕೊಟ್ಟು ಟಿಕೋಟಾದ ಬಸ್ಸು ಹಿಡಿದಳು.

ಕೆಲವು ವಾರಗಳ ಮೇಲೆ ಡ್ರೈವಿಂಗ್ ಸ್ಕೂಲಿಗೆ ಪೊಲೀಸರು ಬಂದರು. ಕಾರು ಮರಳಿ ಬಂದಿಲ್ಲ, ಈಕೆ ಕದ್ದಿದ್ದಾಳೆ ಎಂದು ಕಂಪನಿ ದೂರು ಕೊಟ್ಟಿತ್ತು. ಕಲಿಯಲು ಬಂದಿದ್ದ ಹೆಂಗಸರ ಎದುರಿಗೇ ಅವಳನ್ನು ಜೀಪು ಹತ್ತಿಸಿದರು. ಜಾಮೀನು ಬೇಗ ಸಿಕ್ಕಿತು. ಅಷ್ಟರಲ್ಲಿ ಪೇಪರಿನಲ್ಲಿ ಹೆಸರು ಬಂದಾಗಿತ್ತು. "ಕೇಸ್ ಮುಗಿಯೂತನಕ ಬರಬ್ಯಾಡವಾ" ಎಂದರು ಸ್ಕೂಲಿನ ಮಾಲೀಕರು.

ಆಮೇಲೆ ನೀಲಾಗೆ ಒಂದು ಕಡೆ ಕೂತಿರಲು ಆಗಲೇ ಇಲ್ಲ. ಒಲೆಯ ಮೇಲೆ ಚಹಾ ಇಟ್ಟು ಬಾಗಿಲಿಗೆ ಬರುವಳು, ಚಹಾ ಉಕ್ಕಿ ಹೋಗುವುದು. ಅರ್ಧ ಊಟಕ್ಕೇ ಎದ್ದು ಅಂಗಳ ಸುತ್ತುವಳು.

"ನನ್ನ ಕಣ್ಣಿನ ಸಲುವಾಗಿ ನಿನಗ ಕಳ್ಳಿ ಅನ್ನೂ ಮಾತು ಬಂತಲ್ಲ ನನ್ನವ್ವಾ" ಎಂದು ಪರಸವ್ವ ಅಳುವಳು.

"ಅಳಬ್ಯಾಡ ಬೇ. ಡಾಕ್ಟರ್ ಏನ್ ಹೇಳ್ಯಾರ ನಿನಗ?" ಎಂದು ಗದರಿ ನೀಲಾ ಮತ್ತೆ ಹೊರಗೆ.

ಕಂಪನಿಯ ವಕೀಲರು ರಾಜಿಗೆ ಕರೆದರು. ಕಾರು ಇಟ್ಟುಕೊಂಡದ್ದು ತಪ್ಪಾಯಿತೆಂದು ಒಪ್ಪಿದರೆ ಅಲ್ಲಿಗೆ ಬಿಡುತ್ತಾರಂತೆ.

"ಇಟ್ಟಗೊಂಡಿದ್ರ ಒಪ್ಪತಿದ್ನಿರಿ" ಎಂದು ನೀಲಾ ಎದ್ದು ಬಂದಳು.

"ಕೀಲಿ ಇಸಗೊಂಡಾವ ಬಂದು ಹೇಳಿದ್ರ ಕೇಸ್ ಬಿದ್ದು ಹೋಗತೈತಿ" ಎಂದರು ಅವಳ ವಕೀಲೆ ಶಾಂಭವಿ. ಆದರೆ ಸತೀಶಕುಮಾರ ಕೆಲಸ ಬಿಟ್ಟು ತನ್ನೂರು ಮಮದಾಪುರ ಸೇರಿದ್ದ. ನೀಲಾ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದಳು. ಅವನು ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ. ಇವಳನ್ನು ಕಂಡವನೇ ತಲೆ ತಗ್ಗಿಸಿದ.

"ಕೀಲಿ ಕೊಟ್ಟಿದ್ದು ನೆನಪೈತಿಲ್ಲ ತಮ್ಮಾ?"

"ಐತ್ರಿ ಅಕ್ಕಾರ. ಅವತ್ತ ಕಂಪ್ಯೂಟರ್ ಕೆಟ್ಟಿತ್ತು. ಕಾರ್ ಬಂದೈತಿ ಅಂತ ಅದರಾಗ ಬರಿಯೂದು ಆಗಲಿಲ್ಲ. ಮರುದಿನ ಅದನ್ನ ಬ್ಯಾರೆ ಊರಿನ ಶಾಖೆಗೆ ಒಯ್ದರು. ನಿಮ್ಮ ಮ್ಯಾಲ ಕೇಸ್ ಆದಾಗ ಮ್ಯಾನೇಜರಿಗೆ ಹೇಳಿದ್ನಿ, ಬಾಯಿ ಮುಚ್ಚಗೊಂಡಿರು ಅಂದ್ರು."

"ಇದನ್ನ ಕೋರ್ಟಿಗೆ ಬಂದು ಹೇಳು."

"ನನ್ನೂ ಒಳಗ ಹಾಕಿದ್ರ?"

ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. "ಅದು ನನಗ ಗೊತ್ತಿಲ್ಲಪಾ" ಎಂದುಬಿಟ್ಟಳು ನೀಲಾ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಸಾಕ್ಷಿಯ ದಿನ ಅವಳು ಕೋರ್ಟಿನ ವರಾಂಡದಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದಳು. ಹೆಸರು ಕೂಗುವ ಹೊತ್ತಾದಾಗ ಸತೀಶಕುಮಾರ ತಾಯಿ ಕಾಳವ್ವನ ಜೊತೆ ಮೆಟ್ಟಿಲು ಹತ್ತಿ ಬಂದ.

"ಮನ್ಯಾಗ ಒಂದ ಸವನ ಒದ್ದಾಡಾಕತ್ತಿದ್ದ" ಎಂದಳು ಕಾಳವ್ವ. "ಹೇಳಿ ಬಾ, ಆಮ್ಯಾಲ ನಿದ್ದಿ ಮಾಡು ಅಂದ್ನಿ."

ಕಟಕಟೆಯಲ್ಲಿ ಅವನು ಕೆರೆಯ ಬಳಿ ಹೇಳಿದ್ದನ್ನೇ ಹೇಳಿದ. ಕೆಲಸ ಹೋದ ಸಿಟ್ಟಿಗೆ ಹೀಗೆ ಹೇಳುತ್ತಿದ್ದಾನೆ ಎಂದರು ಕಂಪನಿಯ ವಕೀಲರು. "ಕೆಲಸ ಹೋಗಿಲ್ರಿ. ಇದಕ್ಕ ಅಂಜಿ ನಾನ ಬಿಟ್ಟೇನಿ" ಎಂದ. ಆ ಕಾರು ಬೇರೆ ಊರಲ್ಲಿ ಕಂಪನಿಯ ಬಾಡಿಗೆಗೇ ಓಡುತ್ತಿತ್ತು ಎಂಬುದೂ ವಿಚಾರಣೆಯಲ್ಲಿ ಹೊರಬಿತ್ತು. ತನ್ನ ಕಾರು ತನ್ನ ಬಳಿಯೇ ಇದೆಯೇ ಎಂದು ನೋಡದೆ ಕಂಪನಿ ಒಬ್ಬ ಹೆಣ್ಣುಮಗಳನ್ನು ಕಳ್ಳಿ ಎಂದಿದೆ ಎಂದು ನ್ಯಾಯಾಧೀಶರು ನೀಲಾಳನ್ನು ಬಿಡುಗಡೆ ಮಾಡಿದರು.

ಕೆಲಸ ಮತ್ತೆ ಸಿಕ್ಕಿತು. ನೀಲಾ ಮಾತ್ರ ಅಲ್ಲಿಗೆ ಬಿಡದೆ ಕಂಪನಿಯ ಮೇಲೆ ದಾವೆ ಹೂಡಿದಳು. ಪೇಪರಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕೆಂದು ತೀರ್ಪಾಯಿತು; ಕಂಪನಿ ಮೇಲಿನ ಕೋರ್ಟಿಗೆ ಹೋಗಿದೆ.

"ಇನ್ನೂ ವರ್ಷಗಟ್ಟಲೆ ಹಿಡೀತೈತಿ ನೀಲಾ" ಎಂದರು ಶಾಂಭವಿ.

"ಹಿಡೀಲಿ ಬಿಡ್ರಿ ಮೇಡಂ. ಕಳ್ಳಿ ಅಂತ ಪೇಪರಿನ್ಯಾಗ ಬಂತು. ಅಲ್ಲ ಅನ್ನೂದೂ ಬರಲಿ" ಎಂದು ನೀಲಾ ಎದ್ದಳು. ವಿಚಾರಣೆಯ ಮುಂದಿನ ತಾರೀಕು ಇನ್ನೂ ಗೊತ್ತಾಗಿರಲಿಲ್ಲ.