ಮೂಗೂರಿಗೆ ಕೊಟ್ಟ ರಸಬಾಳೆ ಕಂದು

ಬಾಳೆ ಮರವೇ ಅಲ್ಲ ಎಂಬುದು ನನಗೆ ಗೊತ್ತಾದದ್ದು ಕಳೆದ ತಿಂಗಳು. ನಾವು ಕಾಂಡ ಎನ್ನುವುದು ಬರೀ ಎಲೆಗಳ ಬುಡ, ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡದ್ದು. ಸಸ್ಯಶಾಸ್ತ್ರದವರ ಪ್ರಕಾರ ಬಾಳೆಹಣ್ಣು ಬೆರ್ರಿ ಜಾತಿಯದಂತೆ, ಸ್ಟ್ರಾಬೆರಿ ಮಾತ್ರ ಬೆರ್ರಿಯೇ ಅಲ್ಲವಂತೆ. ದೇವನೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ಮೊಬೈಲ್ ನೋಡಿ ಕಲಿತದ್ದನ್ನೆಲ್ಲ ಕಚೇರಿಯಲ್ಲಿ ಹೇಳಿ ಎಲ್ಲರ ತಲೆ ತಿಂದೆ. ಭಯವಾದಾಗ ನಾನು ಹೀಗೆ ಜಾಸ್ತಿ ಮಾತಾಡುತ್ತೇನೆ.

ಭಯದ ಮೂಲ ನನ್ನ ಹಿತ್ತಲಿನ ನಾಲ್ಕು ರಸಬಾಳೆ. ಅವುಗಳ ಬುಡದಲ್ಲಿ ಒಡೆದ ಎರಡು ಕಂದುಗಳನ್ನು ಮೂಗೂರಿಗೆ ಕೊಟ್ಟ ತಂಗಿಗೆ ಒಯ್ದಿದ್ದೆ. ಅವಳು ಬೇಡವೆಂದಿದ್ದಳು. "ನಮ್ಮ ಏಲಕ್ಕಿಬಾಳೆನೇ ಸಾಕು ಕಣಣ್ಣ." ನಾನು ಕೇಳುವ ಜಾತಿಯಲ್ಲ. ತವರಿನ ಕಂದು ಹೆಣ್ಣುಮಗಳ ಮನೆಗೆ ಹೋಗಲೇಬೇಕು, ಬೇರಿನ ಮಣ್ಣನ್ನು ತೊಳೆಯಲೇಬಾರದು. ಇದು ನಮ್ಮವ್ವನ ಕಟ್ಟಪ್ಪಣೆಯಾಗಿತ್ತು. ಗೊಬ್ಬರದ ಚೀಲಕ್ಕೆ ಹಿತ್ತಲ ಮಣ್ಣು ತುಂಬಿ, ಕಂದು ಕೂರಿಸಿ, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಹೆಮ್ಮೆಯಿಂದಲೇ ಹೊತ್ತುಕೊಂಡು ಹೋಗಿದ್ದೆ.

ಹದಿನೈದು ದಿನಕ್ಕೆ ತಾಯಿಗಿಡದ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು. ಆಮೇಲೆ ದಿಂಡಿನ ಬುಡ ಸೀಳಿತು. ಆಗ ಕಲಿತೆ: ಸೊರಗು ರೋಗದ ಬೂಷ್ಟು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ಗುದ್ದಲಿಗೆ, ಚಪ್ಪಲಿಗೆ ಮೆತ್ತಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತದೆ. ಏಲಕ್ಕಿಬಾಳೆಯನ್ನೂ ಬಿಡುವುದಿಲ್ಲ. ಸೋಂಕು ತಗುಲಿದ ಗಿಡ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣಬಹುದು. ಗಿಡ ಕಡಿದು ಗೆಡ್ಡೆ ಸೀಳಿ ನೋಡಿದೆ. ಒಳಗೆಲ್ಲ ಕೆಂಗಂದು ಗೆರೆಗಳು. ಅದೇ ರೋಗದ ಗುರುತು.

ತಂಗಿಗೆ ಫೋನ್ ಮಾಡಿದೆ. "ಒಸ ಎಲೆ ಬಿಟ್ಟೈತೆ ಕಣಣ್ಣ, ಎರಡೂ ಚೆಂದಾಗವೆ" ಎಂದಳು. ನೀರು ಜಾಸ್ತಿ ಬಿಡಬೇಡ ಎಂದಷ್ಟೇ ಹೇಳಿ ಇಟ್ಟೆ. ಅವರ ಜೀವನ ನಡೆಯುವುದೇ ಆ ಒಂದು ಎಕರೆ ಏಲಕ್ಕಿಬಾಳೆಯಿಂದ. ಅವಳ ಗಂಡ ಕೆಟ್ಟವನಲ್ಲ, ಆದರೆ ಮಾತು ಹರಿತ. ಸಾರಿಗೆ ಉಪ್ಪು ಹೆಚ್ಚಾದರೂ ತವರಿನ ಹೆಸರು ತೆಗೆಯುತ್ತಾನೆ. ಒಂದು ವಾರ ದಿನಾ ಫೋನ್ ಎತ್ತಿಕೊಂಡು, ಮಾಡದೆ ಕೆಳಗಿಟ್ಟೆ. ಭಾನುವಾರ ಹೊರಟೆ.

ಅವಳು ತೋಟದಲ್ಲಿ ಒಬ್ಬಳೇ ಇದ್ದಳು. ಎರಡು ಕಂದು ಮೂಲೆಯಲ್ಲಿವೆ, ಕಿತ್ತು ಸುಟ್ಟರೆ ಆ ಮೂಲೆಗೇ ಮುಗಿಯಬಹುದು ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡು ಬಂದಿದ್ದೆ. ಚೀಲದಲ್ಲಿ ಉಳಿದಿದ್ದ ಮಣ್ಣು ಎಲ್ಲಿ ಎಂದು ಕೇಳಿದೆ.

"ತವರ ಮಣ್ಣು, ಚೆಲ್ಲಕ್ಕೆ ಮನಸು ಬರ್ನಿಲ್ಲ ಕಣಣ್ಣ. ಏಲಕ್ಕಿ ಸಾಲಲ್ಲಿ ಒಂದೊಂದು ಬುಡಕ್ಕೂ ಚೂರು ಚೂರು ಆಕ್ದೆ."

ಸಾಲುಗಳನ್ನು ನೋಡಿದೆ. ಎಲ್ಲವೂ ಹಸಿರಾಗಿದ್ದವು. ಬದುವಿನ ಮೇಲೆ ಕೂತು, ಗೆಡ್ಡೆಯ ಗೆರೆಯಿಂದ ಹಿಡಿದು ನಾನು ಸುಮ್ಮನಿದ್ದ ಆ ವಾರದವರೆಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಗಂಡನಿದ್ದ ಮನೆಯ ಕಡೆ ಒಮ್ಮೆ ನೋಡಿದಳು.

"ಅವರ್ಗೆ ನೀನು ಏನೂ ಏಳ್ಬ್ಯಾಡ" ಎಂದಳು. "ನಾನೇ ಏಳ್ತೀನಿ. ಅಣ್ಣ ಬ್ಯಾಡ ಅಂದ, ನಾನೇ ಅಟ ಮಾಡಿ ತರಿಸ್ಕಂಡೆ ಅಂತ."