ಚೇರ್ಮನ್ನರ ಕೋಟಿನ ಬಲತೋಳು

ಇಸ್ತ್ರಿ ಪೆಟ್ಟಿಗೆಯ ಹಬೆ ತಾಗಿದಾಗ ಉಣ್ಣೆ ಬಟ್ಟೆ ಒಂದು ವಾಸನೆ ಬಿಡುತ್ತದೆ, ಮಳೆಯಲ್ಲಿ ನೆಂದ ಕುರಿಯದ್ದು. ನನಗೆ ಅದು ಹಿತ. ಇವತ್ತು ಬೆಳಗ್ಗೆ ಫ್ಲವರ್ ಮೌಂಡ್ ಎಂಬ ಊರಿನ ನನ್ನ ಆಲ್ಟರೇಷನ್ ಅಂಗಡಿಯಲ್ಲಿ ಅದೇ ವಾಸನೆ ಎದ್ದಾಗ ಮಾತ್ರ ಸ್ವಲ್ಪ ನಾಚಿಕೆಯಾಯಿತು. ಮೇಜಿನ ಮೇಲಿದ್ದದ್ದು ಮೂರು ವರ್ಷದ ಹಿಂದೆ ನಾನೇ ಹೊಲಿದ ಕಪ್ಪು ಕೋಟು. ಒಂದು ಸಿನಿಮಾದ ಕೊನೆಯನ್ನೇ ಕೆಡಿಸಿದ ಕೋಟು. ಕೆಡಿಸಿತೋ ಉದ್ಧಾರ ಮಾಡಿತೋ, ಕೇಳಿ ನೀವೇ ಹೇಳಿ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹುಬ್ಬಳ್ಳಿಯಲ್ಲಿ ನನಗೆ ಕೆಲಸ ಕಲಿಸಿದ ಮಾಸ್ತರರು, ಕೋಟನ್ನು ಗಿರಾಕಿಗೆ ಕೊಡುವ ಮೊದಲು ನಮ್ಮ ಮೈಗೇ ಹಾಕಿಸಿ ತೋಳು ಹಿಡಿದು ಜಗ್ಗುತ್ತಿದ್ದರು. ಟಪ್ ಎಂದು ಸದ್ದಾದರೆ ಅಷ್ಟೂ ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗೆ ಜಗ್ಗಿಸಿಕೊಂಡೇ ನನ್ನ ಬಲಭುಜ ಅರ್ಧ ಇಂಚು ಇಳಿದಿದೆ ಎಂದು ಹೆಂಡತಿ ಹೇಳುತ್ತಾಳೆ. ಟೇಪು ಹಿಡಿದು ನೋಡಿದ್ದೇನೆ. ಕಾಲು ಇಂಚು, ಅಷ್ಟೇ.

ಸಿನಿಮಾ ಮಾಡಿದವಳು ಹತ್ತಿರದ ಪ್ರಾಸ್ಪರ್ ಊರಿನ ಮೇಘನಾ. ಅವಳ ತಾಯಿಯ ಬ್ಲೌಸುಗಳನ್ನೆಲ್ಲ ಹೊಲಿದವನು ನಾನೇ. ಕಥೆ ಯುರೋಪಿನ ಯಾವುದೋ ಹಳೆಯ ಒಪೆರಾದ್ದಂತೆ. ಒಪೆರಾ ಎಂದರೆ ನಮ್ಮ ಬಯಲಾಟದ ಹಾಗೆಯೇ. ಸಾಯುವವನೂ ಹಾಡು ಮುಗಿಸಿಯೇ ಸಾಯುತ್ತಾನೆ. ಅದರಲ್ಲಿ ಊರನ್ನೆಲ್ಲ ನುಂಗಿದ ದೊರೆಯ ನಿಲುವಂಗಿಯನ್ನು ಕೊನೆಗೆ ಪ್ರಜೆಗಳು ಹರಿದುಹಾಕುತ್ತಾರೆ. ಮೇಘನಾ ಆ ದೊರೆಯನ್ನು ಕಂಪನಿಯ ಚೇರ್ಮನ್ ಮಾಡಿದಳು, ಪ್ರಜೆಗಳನ್ನು ಅವನು ಬೀದಿಗೆ ತಳ್ಳಿದ ಕಾರ್ಮಿಕರನ್ನಾಗಿ ಮಾಡಿದಳು. ನಿಲುವಂಗಿಯನ್ನು ಕೋಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಅಂಕಲ್, ರೈಟ್ ಸ್ಲೀವ್ ಮಾತ್ರ ಲೂಸಾಗಿ ಸ್ಟಿಚ್ ಮಾಡಿ. ಒಂದ್ಸಲ ಪುಲ್ ಮಾಡಿದ್ರೆ ಕೈಗೆ ಬಂದ್ಬಿಡ್ಬೇಕು. ಇರೋದು ಒಂದೇ ಕೋಟ್," ಎಂದಳು.

ತಲೆಯಾಡಿಸಿದೆ. ಹೇಳಿದಂತೆ ಕಚ್ಚಾ ಹೊಲಿಗೆಯನ್ನೂ ಹಾಕಿದೆ. ಆಮೇಲೆ ಮೂರು ದಿನ ಆ ತೋಳು ಗೂಟದಿಂದ ನನ್ನನ್ನೇ ನೋಡುತ್ತಿತ್ತು. ಜನರೆದುರು ಹರಿದುಹೋಗಲೆಂದೇ ಹೊಲಿಯುವುದು ಎಂಥ ಕಸುಬು? ನಾಲ್ಕನೆಯ ದಿನ ಬಿಚ್ಚಿ, ಎರಡು ಸಾಲು ಗಟ್ಟಿ ಹೊಲಿಗೆ ಹಾಕಿಬಿಟ್ಟೆ. ಮರೆತು ಹಾಕಿದ್ದಲ್ಲ, ಬೇಕೆಂದೇ ಹಾಕಿದ್ದು.

ಶೂಟಿಂಗ್ ಹ್ಯೂಸ್ಟನ್ನಿನ ಒಂದು ಖಾಲಿ ಆಫೀಸಿನಲ್ಲಿ. ಕೋಟು ಮುದುಡಬಾರದೆಂದು ಕಾರಿನ ಕೊಕ್ಕೆಗೆ ತೂಗುಹಾಕಿ ನಾಲ್ಕು ತಾಸು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಚೇರ್ಮನ್ ಪಾತ್ರ ಮೆಕಿನ್ನಿಯ ಶ್ರೀಧರ್ ಅವರದು. ಹುಟ್ಟೂರು ಮೈಸೂರು, ಪ್ಲೇನೋದ ಕಂಪನಿಯೊಂದರಲ್ಲಿ ಮ್ಯಾನೇಜರ್, ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳುವುದಕ್ಕೂ ಸಂಕೋಚಪಡುವವರು. ಕಾರ್ಮಿಕರಾದವರೂ ಐಟಿಯವರೇ. ಮೆತ್ತನೆಯ ಅಂಗೈಗಳಿಗೆ ಮಸಿ ಹಚ್ಚಿಕೊಂಡು, ಬೆರಳು ತಗುಲದಂತೆ ಫೋನ್ ನೋಡುವುದು ಹೇಗೆಂದು ಒದ್ದಾಡುತ್ತಿದ್ದರು.

ಅವರಲ್ಲಿ ನಾಲ್ವರು ಬಂದು ಬಲತೋಳು ಹಿಡಿದು ಎಳೆದರು. ತೋಳು ಬರಲಿಲ್ಲ. ಮತ್ತೆ ಎಳೆದರು. ಚೇರ್ಮನ್ನರೇ ಜಾರುತ್ತ ಗಾಜಿನ ಗೋಡೆಯವರೆಗೆ ಬಂದರು, ಒಬ್ಬ ಕಾರ್ಮಿಕನ ವಾಚಿನ ಪಟ್ಟಿ ಕಿತ್ತುಹೋಯಿತು, ತೋಳು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಅವರು ಸುಸ್ತಾಗಿ ಕೈಬಿಟ್ಟರು. ಶ್ರೀಧರ್ ಏನು ಮಾಡಬೇಕೆಂದು ತೋಚದೆ ತೋಳನ್ನು ಕೊಡವಿ, ಕಾಲರ್ ಸರಿಮಾಡಿಕೊಂಡು, ಲಿಫ್ಟಿನೊಳಗೆ ಹೋಗಿ ನಿಂತರು. ಬಾಗಿಲು ಮುಚ್ಚಿತು. ಕ್ಯಾಮೆರಾ ಓಡುತ್ತಲೇ ಇತ್ತು.

ಮೇಘನಾ ನನ್ನ ಕಡೆ ತಿರುಗಿದಳು. "ದಾರ ಬಾಳ ಗಟ್ಟಿ ಬಂದಬಿಟ್ಟದವ್ವಾ," ಎಂದೆ. ನಲವತ್ತು ವರ್ಷ ಹೊಲಿಗೆಗೆ ಹೆಸರು ಬಯಸಿದವನು, ಹೊಲಿಗೆಗೆ ಸಾಕ್ಷಿ ಹೇಳಬೇಕಾದ ಗಳಿಗೆಯಲ್ಲಿ ಅದರ ಕೀರ್ತಿಯನ್ನು ದಾರದ ಹೆಸರಿಗೆ ಬರೆದುಕೊಟ್ಟಿದ್ದೆ.

ಮೇಘನಾ ಅದನ್ನೇ ಸಿನಿಮಾದ ಕೊನೆಯಾಗಿ ಉಳಿಸಿಕೊಂಡಳು. ಆಸ್ಟಿನ್ನಿನಲ್ಲಿ ಸಿನಿಮಾ ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಳೆಯ ಕಥೆಯಲ್ಲಿ ದುರಾಸೆಗೆ ಶಿಕ್ಷೆಯಿತ್ತು, ಇಲ್ಲಿ ಅದು ಕೋಟು ಕೊಡವಿಕೊಂಡು ಮೇಲಕ್ಕೆ ಹೋಗುತ್ತದೆ, ಎಷ್ಟು ಧೈರ್ಯದ ಅಂತ್ಯ ಎಂದು ಒಬ್ಬರು ಹೊಗಳಿದರು. ತಿಂಗಳುಗಟ್ಟಲೆ ಯೋಚಿಸಿ ಹಾಗೆ ಬರೆದೆ ಎಂದಳು ಮೇಘನಾ. ಅವಳ ಸುಳ್ಳು ಮತ್ತು ನನ್ನ ಸುಳ್ಳು, ಒಂದೇ ಕೋಟಿನ ಎರಡು ತೋಳುಗಳ ಹಾಗೆ ಅಳತೆಗೆ ಸರಿಯಾಗಿದ್ದವು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಆದರೆ ಆಮೇಲೆ ಯಾರ ಕೆಲಸ ಹೋದ ಸುದ್ದಿ ಕೇಳಿದರೂ ಆ ಲಿಫ್ಟಿನ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ಆ ಚೇರ್ಮನ್ ಒಳಗೆ ಪಾರಾಗಿ ನಿಂತದ್ದು ನನ್ನ ಹೊಲಿಗೆಯಿಂದಲ್ಲವೇ?

ಕೋಟು ಶ್ರೀಧರ್ ಅವರ ಬಳಿಯೇ ಉಳಿದಿತ್ತು. ಇವತ್ತು ತಂದರು. ಎರಡು ತಿಂಗಳ ಹಿಂದೆ ಅವರ ಆಫೀಸಿನಲ್ಲಿ ಜನರನ್ನು ತೆಗೆದರಂತೆ. ಆ ಪಟ್ಟಿಯಲ್ಲಿ ಇವರ ಹೆಸರೂ ಇತ್ತು. ಗುರುವಾರ ಆಸ್ಟಿನ್ನಿನ ಒಂದು ಬ್ಯಾಂಕಿನಲ್ಲಿ ಇಂಟರ್‌ವ್ಯೂ. ಇಳಿದುಹೋಗಿದ್ದರು, ಸೊಂಟದಲ್ಲಿ ಎರಡು ಇಂಚು ಹಿಡಿಯಬೇಕಾಗಿತ್ತು.

"ಆ ದಾರ ಇನ್ನೂ ಇದ್ಯಾ ಅಂಕಲ್? ಇದ್ರೆ ಅದ್ರಲ್ಲೇ ಹೊಲೀರಿ," ಎಂದರು.

ಇನ್ನು ತಡೆಯಲಾಗಲಿಲ್ಲ. "ದಾರ ಎಲ್ಲಾ ಅಂಗಡಿಯಾಗ ಸಿಗೋದ ರೀ. ಗಟ್ಟಿ ಇದ್ದದ್ದು ಹೊಲಿಗಿ. ಹರೀಬಾರದು ಅಂತನ ಹಾಕಿದ್ದೆ."

ಅವರು ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಆ ಕಳ್ಳ ಚೇರ್ಮನ್ನನ್ನ ಉಳಿಸಿದ್ದು ನೀವು."

"ಹೌದ್ರಿ. ನಾನ."

ಬಹಳ ಹೊತ್ತು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, ಬಲಗೈಯನ್ನು ನನ್ನ ಕಡೆ ಚಾಚಿದರು.

"ಎಳೀರಿ ಅಂಕಲ್. ಗುರುವಾರದ ಮೊದಲು ಒಂದ್ಸಲ ನೋಡೇಬಿಡೋಣ."

ಮಾಸ್ತರರು ಜಗ್ಗುತ್ತಿದ್ದ ಹಾಗೆಯೇ, ಕಾಲು ಊರಿ, ಎರಡೂ ಕೈಯಿಂದ ಜಗ್ಗಿದೆ. ಶ್ರೀಧರ್ ಎರಡು ಹೆಜ್ಜೆ ಮುಂದೆ ಬಂದರು. ತೋಳು ಬರಲಿಲ್ಲ.